ಅಪ್ಪನ ಎಡಗಾಲು

ನಮ್ಮಪ್ಪನಿಗೆ 72 ವರ್ಷ. ಸಾಗರದ ಹತ್ತಿರದ ಹಳ್ಳಿಯಿಂದ ಒಬ್ಬರೇ ಕಾರು ಓಡಿಸಿಕೊಂಡು ಅಡಿಕೆ ಮಂಡಿಗೆ, ಬ್ಯಾಂಕಿಗೆ, ರಾತ್ರಿ ತಾಳಮದ್ದಲೆಗೆ ಹೋಗಿಬರ್ತಿದ್ದರು. ಹೋದ ವರ್ಷ ಮಳೆಗಾಲ ಮುಗಿಯೋ ಹೊತ್ತಿಗೆ ಆ ಕಾರು ಕೈಕೊಡೋಕೆ ಶುರುಮಾಡಿತು. ಓಡುವಾಗ ಅಲ್ಲ, ನಿಲ್ಲಿಸುವಾಗ. ಹಂಪ್ ಬಂತು ಅಂತ ನಿಧಾನ ಮಾಡಿದರೆ, ಪೇಟೆ ಸರ್ಕಲ್ಲಿನಲ್ಲಿ ಬ್ರೇಕ್ ಒತ್ತಿದರೆ, ಗಪ್ಪಂತ ಎಂಜಿನ್ ಆಫ್. ಪ್ರತಿ ಸಲವೂ ಅಲ್ಲ, ಮೂರು ನಾಲ್ಕು ಸಲಕ್ಕೊಮ್ಮೆ.

ಗೇರ್ ಕಾರು ಓಡಿಸೋರಿಗೆಲ್ಲ ಗೊತ್ತು, ನಿಲ್ಲಿಸುವಾಗ ಎಂಜಿನ್ ಆಫ್ ಆದರೆ ಮೊದಲ ಅನುಮಾನ ಎಡಗಾಲಿನ ಮೇಲೆ. ಕ್ಲಚ್ ಸರಿಯಾಗಿ ಒತ್ತಿಲ್ಲ ಅಂತ. ನಾನು ಬೆಂಗಳೂರಿನಿಂದ ಫೋನಿನಲ್ಲೇ ಹೇಳಿದೆ, "ಕ್ಲಚ್ ಪೂರ್ತಿ ಒತ್ತಿ ಅಪ್ಪ." ಅವರು "ಒತ್ತಿದೀನಿ ಮಾರಾಯ. ಅದಕ್ಕಿಂತ ಮೊದಲು ಸ್ಪೀಡಿನ ಮುಳ್ಳು ಬಿದ್ದುಹೋಗುತ್ತೆ" ಅಂದರು. ಮುಳ್ಳಿನ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಕಾರು ನಿಂತರೆ ಮುಳ್ಳು ಬೀಳದೆ ಇನ್ನೇನು?

ಸರ್ವೀಸ್ ಸೆಂಟರಿಗೆ ಕಳಿಸಿದೆವು. ಅವರು ಸ್ಕ್ಯಾನರ್ ಹಚ್ಚಿದಾಗ ಪಿ0500 ಅಂತ ಕೋಡ್ ಬಂತಂತೆ. ವೇಗದ ಸೆನ್ಸರಿನ ಕೋಡ್ ಅದು. ಹೊಸ ಸೆನ್ಸರ್ ಹಾಕಿ, ಕೋಡ್ ಅಳಿಸಿ, ಬಿಲ್ ಕೊಟ್ಟರು. ಎಂಟು ದಿನ ಸರಿ ಇತ್ತು. ಒಂಬತ್ತನೇ ದಿನ ಇಳಿಜಾರಿನಲ್ಲಿ ಮತ್ತೆ ಆಫ್, ಹಿಂದೆ ಅಡಿಕೆ ಲಾರಿ. ಎಂಜಿನ್ ನಿಂತಮೇಲೆ ಪವರ್ ಸ್ಟೀರಿಂಗ್ ಕಲ್ಲಾಗುತ್ತೆ, ಬ್ರೇಕೂ ಒಂದೆರಡು ಸಲ ಒತ್ತುವಷ್ಟರಲ್ಲಿ ಗಟ್ಟಿಯಾಗುತ್ತೆ. ಲಾರಿಯವನು ಪಕ್ಕಕ್ಕೆ ಎಳೆದುಕೊಂಡಿದ್ದಕ್ಕೆ ಬಚಾವು. ಮತ್ತೆ ತೋರಿಸಲು ಹೋದಾಗ ಅಲ್ಲಿನ ಹುಡುಗ ಅಂದದ್ದು, "ನಾವು ಟ್ರಯಲ್ ನೋಡಿದೀವಿ ಸರ್, ಗಾಡಿ ಸರಿ ಇದೆ. ಅಪ್ಪಾವ್ರಿಗೆ ಕ್ಲಚ್ ನೋಡಿಕೊಳ್ಳೋಕೆ ಹೇಳಿ."

ಮನೆಯಲ್ಲಿ ತೀರ್ಮಾನ ಆಗಿಹೋಯಿತು. ಅಕ್ಕ ಫೋನಿನಲ್ಲಿ ಅತ್ತಳು, ಅಪ್ಪನಿಗೆ ಕಾಲಿನ ಹಿಡಿತ ಹೋಗಿದೆ, ಇನ್ನು ಕಾರು ಕೊಡಬೇಡ ಅಂದಳು. ದೀಪಾವಳಿಗೆ ಊರಿಗೆ ಹೋದವನು ಬೀಗದ ಕೈ ಎರಡನ್ನೂ ನನ್ನ ಬ್ಯಾಗಿಗೆ ಹಾಕಿಕೊಂಡೆ. ಅಪ್ಪ ಜಗಳ ಮಾಡಲಿಲ್ಲ. "ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿಟ್ಟುಕೋಬೇಕು" ಅಂದರು, ಅಷ್ಟೇ. ಅದಕ್ಕಿಂತ ಬೈದಿದ್ದರೆ ವಾಸಿ ಇತ್ತು.

ಹೊರಡುವ ಹಿಂದಿನ ದಿನ ಹಾಲು ತರೋಕೆ ನಾನೇ ಕಾರು ತೆಗೆದೆ. ಶಾಲೆಯ ಹತ್ತಿರದ ಹಂಪಿಗೆ ನಿಧಾನ ಮಾಡುತ್ತಾ ಕ್ಲಚ್ ಪೂರ್ತಿ ಒತ್ತಿ, ಮೂರನೇ ಗೇರಿನಿಂದ ನ್ಯೂಟ್ರಲ್ಲಿಗೆ ತಂದೆ. ಕಾರು ಇನ್ನೂ ಉರುಳ್ತಾ ಇದೆ, ಮುಳ್ಳು ದೊಪ್ಪನೆ ಸೊನ್ನೆಗೆ ಬಿತ್ತು. ಅದರ ಹಿಂದೆಯೇ ಎಂಜಿನ್ ನಿಂತಿತು. ನನ್ನ ಎಡಗಾಲು ಇನ್ನೂ ಕ್ಲಚ್ಚಿನ ಮೇಲೇ ಇತ್ತು. ಹಾಲಿನ ಕ್ಯಾನು ಪಕ್ಕದ ಸೀಟಿನಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ.

ಬೆಂಗಳೂರಿನ ಬಸ್ಸು ಕ್ಯಾನ್ಸಲ್ ಮಾಡಿ, ಮರುದಿನ ಪೇಟೆಯಲ್ಲಿ ಗಾಡಿ ವೈರಿಂಗ್ ಮಾಡುವ ಸಾಬರ ಹತ್ತಿರ ಹೋದೆ. ಅಪ್ಪನೂ ಜೊತೆಗೆ ಬಂದರು. ಸಾಬರು ನನ್ನನ್ನು ಬಿಟ್ಟು ಅಪ್ಪನನ್ನೇ ಕೇಳಿದರು, "ಯಾವಾಗ ಆಗುತ್ತೆ ಯಜಮಾನ್ರೇ?" ಅಪ್ಪ ಹೇಳಿದರು, "ನ್ಯೂಟ್ರಲ್ಲಿಗೆ ತಂದಾಗ. ಮೊದಲು ಮುಳ್ಳು, ಆಮೇಲೆ ಎಂಜಿನ್. ಜೂನ್‌ನಲ್ಲಿ ಕ್ಲಚ್ ಪ್ಲೇಟ್ ಹಾಕಿಸಿದ ಮೇಲೆ." ಅರ್ಧ ರಿಪೇರಿ ಅಲ್ಲಿಗೇ ಮುಗಿದಿತ್ತು ಅಂತ ಈಗ ಅನಿಸುತ್ತೆ.

ನಮ್ಮ ಕಾರಿನಲ್ಲಿ ವೇಗದ ಸೆನ್ಸರ್ ಗೇರ್‌ಬಾಕ್ಸಿನ ಮೇಲೆ ಕೂತಿದೆ (ಈಗಿನ ಎಷ್ಟೋ ಕಾರುಗಳಲ್ಲಿ ಆ ಲೆಕ್ಕ ಚಕ್ರದ ಎಬಿಎಸ್ ಸೆನ್ಸರಿನಿಂದ ಬರುತ್ತೆ). ಅದಕ್ಕೆ ಮೂರು ತಂತಿ. ಒಂದು ಕರೆಂಟು, ಒಂದು ಅರ್ತು, ಒಂದು ಸಿಗ್ನಲ್. ಚಕ್ರ ಉರುಳಿದಂತೆ ಸೆನ್ಸರ್ ಸಿಗ್ನಲ್ ತಂತಿಯನ್ನು ಅರ್ತಿಗೆ ಸೇರಿಸಿ ಬಿಟ್ಟು, ಸೇರಿಸಿ ಬಿಟ್ಟು ಮಾಡುತ್ತೆ. ಆ ಬಡಿತ ಎಣಿಸಿಯೇ ಮುಳ್ಳು ಏಳೋದು. ಎಂಜಿನ್ ಕಂಪ್ಯೂಟರ್ ಕೂಡ ಅದನ್ನು ನೋಡಿಕೊಂಡು, ಗಾಡಿ ಇನ್ನೂ ಉರುಳ್ತಿದೆ ಅಂತ ತಿಳಿದು, ಎಂಜಿನ್ ಬಡಕಲಾಗದ ಹಾಗೆ ಗಾಳಿ ಸ್ವಲ್ಪ ಹೆಚ್ಚು ಕೊಟ್ಟು ನಿಧಾನಕ್ಕೆ ಇಳಿಸುತ್ತೆ. ಬಡಿತ ನಡುವೆಯೇ ನಿಂತರೆ ಅದರ ಲೆಕ್ಕ ತಪ್ಪುತ್ತೆ.

ಇನ್ನು ಆ ಕೋಡ್ ಇದೆಯಲ್ಲ, ಅದು ಸೆನ್ಸರ್ ಸತ್ತಿದೆ ಅಂತ ಹೇಳೋದೇ ಇಲ್ಲ. ಆ ಕಡೆಯಿಂದ ಸುದ್ದಿ ಬರ್ತಾ ಇಲ್ಲ ಅಂತ ಹೇಳುತ್ತೆ, ಅಷ್ಟೇ. ಪತ್ರ ಬರಲಿಲ್ಲ ಅಂದರೆ ಬರೆದವನೇ ಸತ್ತ ಅಂತಲ್ಲ, ದಾರಿಯಲ್ಲಿ ಸೇತುವೆ ಮುರಿದಿರಬಹುದು.

ಸಾಬರು ಸೆನ್ಸರಿನ ಕನೆಕ್ಟರ್ ಬಿಚ್ಚಿ, ಕೀ ಆನ್ ಮಾಡಿಸಿ, ಮೀಟರ್ ಹಿಡಿದರು. ಕರೆಂಟಿನ ತಂತಿಯಲ್ಲಿ 12 ವೋಲ್ಟ್, ಸಿಗ್ನಲ್ಲಿನಲ್ಲಿ 5. ಎಲ್ಲ ಸರಿ. ಕರೆಂಟಿನ ತಂತಿಗೆ ಚಿಕ್ಕ ಬಲ್ಬನ್ನೂ ಹಚ್ಚಿ ನೋಡಿದರು. ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ 12 ತೋರಿಸಿ ಮೋಸ ಮಾಡುತ್ತಂತೆ, ಬಲ್ಬು ಉರಿಯಬೇಕಾದರೆ ತಂತಿಯಲ್ಲಿ ಜೀವ ಇರಬೇಕು. ಬಲ್ಬು ಚೆನ್ನಾಗಿಯೇ ಉರೀತು. ಕಂಪ್ಯೂಟರಿನ ಸಿಗ್ನಲ್ ತಂತಿಗೆ ಮಾತ್ರ ಬಲ್ಬು ಮುಟ್ಟಿಸಬಾರದು, ಅದರ ಹೊಟ್ಟೆ ಸುಟ್ಟೀತು ಅಂದರು. ಆಮೇಲೆ ಮೀಟರಿನ ಕಡ್ಡಿಯನ್ನು ಸಿಗ್ನಲ್ ಪಿನ್ನಿನಲ್ಲೇ ಇಟ್ಟು ಅಪ್ಪನಿಗೆ, "ಒಳಗೆ ಕೂತು ಗೇರ್ ಹಾಕಿ ಯಜಮಾನ್ರೇ, ಕ್ಲಚ್ ಒತ್ತಿಕೊಂಡು" ಅಂದರು.

ಮೂರನೇ ಗೇರ್, ಐದು. ನ್ಯೂಟ್ರಲ್, ಐದು. ಮತ್ತೆ ಮೂರು, ಮತ್ತೆ ನ್ಯೂಟ್ರಲ್. ನಾಲ್ಕನೇ ಸಲಕ್ಕೆ ಸೊನ್ನೆ.

ಟಾರ್ಚ್ ಬಿಟ್ಟು ನೋಡಿದೆವು. ಕ್ಲಚ್ ಪ್ಲೇಟ್ ಹಾಕೋಕೆ ಗೇರ್‌ಬಾಕ್ಸ್ ಇಳಿಸಿದವರು ಏರಿಸುವಾಗ ವೈರಿನ ಕ್ಲಿಪ್ ಹಾಕೋದು ಮರೆತಿದ್ದಾರೆ. ಕಟ್ಟಿಲ್ಲದ ವೈರು ಜೋತುಬಿದ್ದು, ಗೇರ್ ಕೇಬಲ್ಲಿನ ತೋಳು ನ್ಯೂಟ್ರಲ್ಲಿಗೆ ಬಂದಾಗ ಬ್ರಾಕೆಟ್ಟಿಗೆ ಒರಗುತ್ತಿತ್ತು. ಐದು ತಿಂಗಳು ಉಜ್ಜಿಸಿಕೊಂಡು ಸಿಗ್ನಲ್ ತಂತಿಯ ಸಿಪ್ಪೆ ಒಂದು ಅಕ್ಕಿಕಾಳಿನಷ್ಟು ಜಾಗದಲ್ಲಿ ಹೋಗಿದೆ. ಅಲ್ಲಿ ತಾಮ್ರ ಹಸಿರುಗಟ್ಟಿತ್ತು. ಲೋಹಕ್ಕೆ ತಾಗಿದರೆ ಸಿಗ್ನಲ್ ಅರ್ತಿಗೆ ಹೋಗಿ ಸುದ್ದಿ ಬಂದ್. ಹೊಸ ಸೆನ್ಸರ್ ಹಾಕುವಾಗ ವೈರು ಕೊಂಚ ಸರಿದಿತ್ತೇನೋ, ಅದಕ್ಕೇ ಎಂಟು ದಿನ ನಡೆದದ್ದು.

ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಹಸಿರು ಭಾಗ ಕತ್ತರಿಸಿ, ಕೆಂಪು ತಾಮ್ರ ಕಾಣುವ ತನಕ ಸಿಪ್ಪೆ ಸುಲಿದರು. ಎಳೆದು ಕಟ್ಟಿದರೆ ಮತ್ತೆ ಕಿತ್ತುಬರುತ್ತೆ ಅಂತ ನಡುವೆ ನಾಲ್ಕು ಬೆರಳು ಹೊಸ ತಂತಿ ಸೇರಿಸಿದರು. ಕಾಯಿಸಿದರೆ ಬಿಗಿಯಾಗುವ ಸ್ಲೀವ್ ಮೊದಲೇ ತೂರಿಸಿಟ್ಟುಕೊಂಡರು. ನಾನಾಗಿದ್ದರೆ ಬೆಸುಗೆ ಹಾಕಿದ ಮೇಲೆ ಅದು ನೆನಪಾಗುತ್ತಿತ್ತು. ಬೆಸುಗೆ ಹಾಕಿದ ಜಾಗ ಕಡ್ಡಿಯ ಹಾಗೆ ಗಟ್ಟಿಯಾಗುತ್ತಲ್ಲ, ಎಂಜಿನ್ ಅದುರುವಾಗ ಅದರ ಅಂಚಿನಲ್ಲಿ ತುಂಡಾಗದಿರಲಿ ಅಂತ ಉದ್ದಕ್ಕೂ ಬಟ್ಟೆ ಟೇಪ್ ಸುತ್ತಿ, ಸುಕ್ಕು ಪೈಪಿನೊಳಗೆ ಹಾಕಿ, ಗೇರ್ ತೋಳಿಗೆ ಸಿಗದ ಹಾಗೆ ಎರಡು ಕಡೆ ಕಟ್ಟಿದರು. 350 ರೂಪಾಯಿ. ನಾನು ಐನೂರು ಕೊಟ್ಟರೆ ಚಿಲ್ಲರೆ ವಾಪಸ್ ಕೊಟ್ಟೇ ಬಿಟ್ಟರು.

ವಾಪಸ್ ಬರುವಾಗ ಬೀಗದ ಕೈ ಅಪ್ಪನ ಕೈಗೆ ಕೊಟ್ಟೆ. ಏನು ಹೇಳೋದು ಅಂತ ಪೇಟೆಯಿಂದಲೂ ಹುಡುಕ್ತಾ ಇದ್ದೆ. ಬಾಯಿಗೆ ಬಂದದ್ದು "ಇನ್ನೊಂದು ಕೀ ಬ್ಯಾಗಲ್ಲಿದೆ, ಮನೆಗೆ ಹೋಗಿ ಕೊಡ್ತೀನಿ" ಅಂತ ಮಾತ್ರ. ಶಾಲೆಯ ಹಂಪಿನಲ್ಲಿ ಅವರು ಬೇಕಂತಲೇ ನ್ಯೂಟ್ರಲ್ ಮಾಡಿದರು. ಮುಳ್ಳು ನಿಧಾನವಾಗಿ, ಕಾರಿನ ಜೊತೆಗೇ ಇಳಿಯಿತು. ಇಬ್ಬರೂ ಅದನ್ನೇ ನೋಡ್ತಿದ್ದೆವು.

ರಾತ್ರಿ ಅಕ್ಕ ಫೋನ್ ಮಾಡಿದಳು. ನಾನು ಮಾತಾಡದೆ ಫೋನನ್ನು ಅಪ್ಪನಿಗೆ ಕೊಟ್ಟೆ. ಏನಾಗಿತ್ತಂತೆ ಅಂತ ಅವಳು ಕೇಳಿದ್ದು ನನಗೂ ಕೇಳಿಸಿತು.

"ವೈರು" ಅಂದರು ಅಪ್ಪ. ಆಮೇಲೆ ಮೊಮ್ಮಗಳ ಪರೀಕ್ಷೆ ಯಾವಾಗ ಅಂತ ವಿಚಾರಿಸೋಕೆ ಶುರುಮಾಡಿದರು.