ಬಳೇಪೇಟೆಯಿಂದ ಅಂಡಮಾನಿಗೆ ಒಬ್ಬಳೇ

ಕೆಳಗೆ ಬಳೆ ಅಂಗಡಿ, ಮೇಲೆ ಮನೆ. ಬಳೇಪೇಟೆಯಲ್ಲಿ ಇದೇನೂ ಹೊಸದಲ್ಲ. ಆ ಮನೆಯ ಮಗಳು ಪ್ರಾಣಿಶಾಸ್ತ್ರ ಆರಿಸಿಕೊಂಡು ಬಿ.ಎಸ್‌ಸಿ. ಕೊನೆಯ ವರ್ಷ ಓದುತ್ತಿದ್ದಾಳೆ. ಎರಡು ವರ್ಷ ಓಣಿಯ ಮಕ್ಕಳಿಗೆ ಪಾಠ ಹೇಳಿ 26 ಸಾವಿರ ರೂಪಾಯಿ ಕೂಡಿಟ್ಟಿದ್ದಾಳೆ. ಒಂದು ರಾತ್ರಿ ಊಟಕ್ಕೆ ಕೂತಾಗ, ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಅಂಡಮಾನಿಗೆ ಹೋಗುವುದಾಗಿ ಹೇಳಿದಳು. "ಯಾರ ಜೊತೆ?" ಎಂದು ಕೇಳಿದ್ದಕ್ಕೆ "ಒಬ್ಬಳೇ" ಎಂದಳು.

ಅಜ್ಜಿಗೆ ಅಂಡಮಾನ್ ಎಂದರೆ ಕರಿನೀರಿನ ಶಿಕ್ಷೆ, 1906ರಲ್ಲಿ ಕಟ್ಟಿ ಮುಗಿಸಿದ ಸೆಲ್ಯುಲರ್ ಜೈಲು. "ಕಳ್ಳಕಾಕರನ್ನ ಕಳಿಸ್ತಿದ್ದ ಊರಿಗೆ ಕನ್ಯಾಮಗು ಯಾಕೆ ಹೋಗ್ಬೇಕೇ?" ಎಂದರು. ತಾಯಿ ಏನೂ ಮಾತಾಡಲಿಲ್ಲ. ಬೈಗುಳಕ್ಕಿಂತ ಆ ಮೌನವೇ ಭಾರ ಎಂಬುದು ಮಕ್ಕಳಿರುವ ಮನೆಗಳಿಗೆಲ್ಲ ಗೊತ್ತು. ತಂದೆ ಮಾತ್ರ ಕೈ ತೊಳೆದುಕೊಂಡು ಬಂದು, "ಲೆಕ್ಕ ಬರ್ದು ತೋರ್ಸು ಪುಟ್ಟಿ, ಆಮೇಲೆ ನೋಡೋಣ" ಎಂದರು.

ಅವಳು ಬರೆದ ಮೊದಲ ಪಟ್ಟಿಯಲ್ಲಿ ಲೆಕ್ಕಕ್ಕಿಂತ ಆಸೆಯೇ ಹೆಚ್ಚು. ನಾರ್ಕೊಂಡಂ ದ್ವೀಪ ಎಲ್ಲಕ್ಕಿಂತ ಮೇಲಿತ್ತು. ಸುಮಾರು ಏಳು ಚದರ ಕಿಲೋಮೀಟರಿನ ಆರಿದ ಜ್ವಾಲಾಮುಖಿ ಅದು. ಅಲ್ಲಿರುವ ಮಂಗಟ್ಟೆ ಹಕ್ಕಿ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ಆದರೆ ಅದು ಟಿಕೆಟ್ ಕೊಂಡು ಹೋಗುವ ಜಾಗವಲ್ಲ. ಎರಡನೆಯದು ಗ್ರೇಟ್ ನಿಕೋಬಾರಿನ ಗಲಾಥಿಯಾ ಕೊಲ್ಲಿ, ಅತಿ ದೊಡ್ಡ ಕಡಲಾಮೆಯಾದ ಲೆದರ್‌ಬ್ಯಾಕ್ ಬಂದು ಮೊಟ್ಟೆಯಿಡುವ ಮರಳದಂಡೆ. ಅದು ಇನ್ನೂ ತುಂಬ ದಕ್ಷಿಣಕ್ಕಿದೆ. ಹೋಗಿಬರುವ ಹಡಗಿಗೆ ಕಾಯುವುದರಲ್ಲೇ ರಜೆ ಮುಗಿಯುತ್ತದೆ. ಎರಡಕ್ಕೂ ಅವಳೇ ಗೀಟು ಎಳೆದಳು. ಎರಡನೆಯದಕ್ಕೆ ಎಳೆಯುವಾಗ ಕಣ್ಣು ತುಂಬಿತ್ತಂತೆ.

ಉಳಿದದ್ದೂ ಕಡಿಮೆಯೇನಲ್ಲ. ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀವಿಜಯಪುರಂ ಎಂದು ಹೆಸರಿಟ್ಟಿದ್ದಾರೆ. ಅಲ್ಲಿಂದ ಬಸ್ಸಿನಲ್ಲೇ ಹೋಗಬಹುದಾದ ಚಿಡಿಯಾ ಟಾಪು ಹೆಸರಿಗೆ ತಕ್ಕಂತೆ ಹಕ್ಕಿಗಳ ಜಾಗ. ಇನ್ನೊಂದು ದಿಕ್ಕಿಗೆ ವಂಡೂರ್. ಅಲ್ಲಿನ ಕಡಲ ರಾಷ್ಟ್ರೀಯ ಉದ್ಯಾನ 1983ರದು. ಉತ್ತರದ ತುದಿಯ ದಿಗ್ಲಿಪುರದ ಹತ್ತಿರ ಕಾಲಿಪುರ ಕಡಲತೀರವಿದೆ. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಅಲ್ಲಿ ದಡ ಹತ್ತುತ್ತವೆ. ದಿಗ್ಲಿಪುರಕ್ಕೆ ಹೋಗುವ ರಸ್ತೆ ಜಾರವಾ ಜನರ ಮೀಸಲು ಕಾಡನ್ನು ಹಾದುಹೋಗುತ್ತದೆ. ವಾಹನಗಳನ್ನು ಗುಂಪುಗೂಡಿಸಿ ಪೊಲೀಸರ ಕಾವಲಿನಲ್ಲಿ ಬಿಡುತ್ತಾರೆ. ಇಳಿಯುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ಅವರು ಮೃಗಾಲಯದ ಪ್ರಾಣಿಗಳಲ್ಲ, ತಮ್ಮ ಊರಿನಲ್ಲಿರುವ ಮನುಷ್ಯರು. ಇದನ್ನು ಹೇಳಲು ಕಾನೂನು ಬೇಕಾಯಿತಲ್ಲ, ಅದೇ ನಾಚಿಕೆ.

ತಂದೆ ಪಟ್ಟಿ ನೋಡಿ ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ. "ಮೊದ್ಲು ಒಬ್ಬಳೇ ರಂಗನತಿಟ್ಟಿಗೆ ಹೋಗ್ಬಾ. ಅದೂ ದ್ವೀಪಾನೇ ತಾನೆ?" ಎಂದರು. ಹುಡುಗಿ ಮುಖ ಊದಿಸಿಕೊಂಡಳು, ಆದರೂ ಒಂದು ಭಾನುವಾರ ಬೆಳಗಿನ ಜಾವ ರೈಲ್ವೆ ಸ್ಟೇಷನ್ನಿಗೆ ನಡೆದೇ ಹೋದಳು.

ಅಪ್ಪ ಹೇಳಿದ್ದು ತಮಾಷೆಯ ಮಾತೇನಲ್ಲ. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಒಡ್ಡು ಕಟ್ಟಿಸಿದಾಗ ಮೂಡಿದ ತಿಟ್ಟುಗಳವು. ಸಲೀಂ ಅಲಿ ಅವರ ಮಾತಿಗೆ ಬೆಲೆಕೊಟ್ಟು ಮೈಸೂರು ಅರಸರು 1940ರಲ್ಲಿ ಪಕ್ಷಿಧಾಮ ಮಾಡಿದರು. 2022ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ದೋಣಿಯಲ್ಲಿ ಕೂತ ಹುಡುಗಿ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆ, ಕೊಂಬೆ ತುಂಬ ಕೂತಿದ್ದ ಕೊಕ್ಕರೆಗಳನ್ನು ನೋಡಿ ರಾತ್ರಿ ಮನೆಗೆ ಬಂದಳು.

ಮಾರನೆಯ ದಿನ ತಂದೆ ಲೆಕ್ಕ ಕೇಳಿದರು. ರೈಲು, ತಿಂಡಿ ಅಂದಾಜಿನಷ್ಟೇ ಆಗಿತ್ತು. ಜಾಸ್ತಿಯಾದದ್ದು ಆಟೋದ್ದು. ಬೆಳಿಗ್ಗೆ ಒಂದು ರೇಟು, ಸಂಜೆ ಸ್ಟೇಷನ್ನಿಗೆ ವಾಪಸಾಗುವಾಗ ಇನ್ನೊಂದು. "ನೋಡು ಪುಟ್ಟಿ, ಹೋಗೋವಾಗ ಚೌಕಾಸಿ ಮಾಡಬಹುದು. ವಾಪಸು ಬರೋವಾಗ ಅವರು ಹೇಳಿದ್ದೇ ರೇಟು. ನಿನ್ನ ಅಂಡಮಾನ್ ಪಟ್ಟೀಲಿ ವಾಪಸು ಬರೋದು ಎಲ್ಲಿದೆ?" ಮೂವತ್ತು ವರ್ಷ ಬಳೆ ಮಾರಿದವರ ಪ್ರಶ್ನೆ ಅದು.

ನಿಜಕ್ಕೂ ಅದು ಇರಲಿಲ್ಲ. ಹೋಗಲೂ ಬರಲೂ ಚೆನ್ನೈ ಹಡಗನ್ನೇ ನಂಬಿದ್ದಳು. ಬಂಕ್ ದರ್ಜೆ ಎಲ್ಲಕ್ಕಿಂತ ಅಗ್ಗ, ಪ್ರಯಾಣ ಸುಮಾರು ಮೂರು ದಿನ. ತೊಂದರೆ ಏನೆಂದರೆ, ಹಡಗು ತಿಂಗಳಿಗೆ ಕೆಲವೇ ಸಲ ಹೊರಡುತ್ತದೆ, ಗೊತ್ತಾದ ದಿನವೂ ಮುಂದಕ್ಕೆ ಹೋಗುವುದುಂಟು. ಅಪ್ಪ, ಮಗಳು ಕಾಗದದ ಮುಂದೆ ಕೂತು ದಾರಿ ಹುಡುಕಿದರು. ಹೋಗುವಾಗ ಹಡಗು ತಡವಾದರೆ ದ್ವೀಪದಲ್ಲಿ ಎರಡು ದಿನ ಕಡಿಮೆಯಾಗುತ್ತದೆ, ಅಷ್ಟೇ. ಬರುವಾಗ ತಡವಾದರೆ ಕಾಲೇಜು ತಪ್ಪುತ್ತದೆ, ಕೈಯಲ್ಲಿರುವ ಕಾಸೂ ಮುಗಿಯುತ್ತದೆ. ಆದ್ದರಿಂದ ಹೋಗಲು ಹಡಗು, ಬರಲು ವಿಮಾನ. ವಿಮಾನದ ಟಿಕೆಟ್ ತಿಂಗಳುಗಳ ಮೊದಲೇ ತೆಗೆಯುವುದು. ದ್ವೀಪದಿಂದ ದ್ವೀಪಕ್ಕೆ ಖಾಸಗಿ ದೋಣಿ ಬೇಡ, ಸರ್ಕಾರಿ ಫೆರ್ರಿ ಸಾಕು. ಒಟ್ಟು ಹಣದಲ್ಲಿ ಕಾಲು ಭಾಗ ಯಾವ ಹೆಸರೂ ಇಲ್ಲದೆ ಪಕ್ಕಕ್ಕಿಡುವುದು. ಅದಕ್ಕಾಗಿ ಈಜುವವರ ಸ್ವರ್ಗವೆಂದು ಹೆಸರಾದ ಹ್ಯಾವ್‌ಲಾಕ್, ಈಗಿನ ಸ್ವರಾಜ್ ದ್ವೀಪ, ಪಟ್ಟಿಯಿಂದ ಹೋಯಿತು. ಅಲ್ಲಿ 2010ರಲ್ಲಿ ಒಬ್ಬ ಪ್ರವಾಸಿ ಉಪ್ಪುನೀರಿನ ಮೊಸಳೆಗೆ ಬಲಿಯಾದದ್ದನ್ನು ಅವಳು ಅಮ್ಮನಿಗೆ ಹೇಳಲಿಲ್ಲ. ಎಚ್ಚರಿಕೆಯ ಬೋರ್ಡಿರುವ ಕಡೆ ನೀರಿಗಿಳಿಯುವುದಿಲ್ಲವೆಂದು ಅಪ್ಪನಿಗೆ ಮಾತು ಕೊಟ್ಟಳು.

ಅಂಗಡಿಗೆ ಒಂದು ಚೀಲ ಕಪ್ಪೆಚಿಪ್ಪು, ಹವಳದ ಚೂರು ತರಬಹುದಲ್ಲ ಎಂದು ಸೋದರಮಾವ ಸಲಹೆ ಕೊಟ್ಟರು. ಹವಳ ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿದೆ, ದಡದಲ್ಲಿ ಬಿದ್ದ ಚೂರನ್ನೂ ಹೊತ್ತು ತರುವಂತಿಲ್ಲ ಎಂದು ಹುಡುಗಿ ಹೇಳಿದಾಗ, "ಹಂಗಾದ್ರೆ ಹೋಗಿ ಏನು ಪ್ರಯೋಜನ?" ಎಂದರು. ವ್ಯಾಪಾರಸ್ಥರ ಮನೆ!

ಕೊನೆಗೂ ತಾಯಿ ಬಾಯಿ ಬಿಟ್ಟರು. ದಿನಾ ಸಂಜೆ ಫೋನ್ ಮಾಡಬೇಕು ಎಂಬುದೊಂದೇ ಅವರ ಷರತ್ತು. ನಡುಕಡಲಲ್ಲಿ ಫೋನ್ ಸಿಗುವುದಿಲ್ಲ ಎಂದು ಮಗಳು ಸುಳ್ಳಿಲ್ಲದೆ ಹೇಳಿದಳು. ಹಡಗಿನ ಮೂರು ದಿನ, ದಿಗ್ಲಿಪುರದ ಕಾಡುದಾರಿಯ ಒಂದು ದಿನ ಸುದ್ದಿ ಬಾರದಿರಬಹುದು ಎಂದು ಕೆಂಪು ಶಾಯಿಯಲ್ಲಿ ಬರೆದುಕೊಟ್ಟಳು. ತಾಯಿ ಆ ಚೀಟಿಯನ್ನು ಎರಡು ಸಲ ಓದಿ ಅಡಿಗೆಮನೆಯ ಕ್ಯಾಲೆಂಡರಿಗೆ ಪಿನ್ ಮಾಡಿದರು. ಆಮೇಲೆ, ಹಡಗಿನಲ್ಲಿ ಚಟ್ನಿಪುಡಿ ಎಷ್ಟು ದಿನ ಕೆಡದೆ ಇರುತ್ತೆ ಎಂದು ಕೇಳಿದರು.