ಹಾಜರಿ ಪುಸ್ತಕದ ಪಾಠ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಕಂಪ್ಯೂಟರುಗಳ ನಡುವೆ ದಿನ ಕಳೆಯುವ ನಾನು ಏನು ಬರೆಯಬಲ್ಲೆನೆಂದು ಸಂಕೋಚವಾಯಿತು. ಕೊನೆಗೆ, ವೃತ್ತಿಯಲ್ಲಿ ನನ್ನಿಂದಾದ ಒಂದು ದೊಡ್ಡ ತಪ್ಪನ್ನೂ, ಅದನ್ನು ತಿದ್ದಿಕೊಳ್ಳಲು ಈ ಶಾಲೆಯ ಪಾಠವೇ ನೆರವಾದ ಬಗೆಯನ್ನೂ ನಿವೇದಿಸುವುದು ಉಚಿತವೆಂದು ತೋರಿತು.

ನಮ್ಮದು ಅಥಣಿ ಕಡೆಯಿಂದ ಹೊಟ್ಟೆಪಾಡಿಗಾಗಿ ಇಚಲಕರಂಜಿಗೆ ಬಂದ ಕುಟುಂಬ. 1904ರಲ್ಲಿ ವಿಠ್ಠಲರಾವ ದಾತಾರರು ಇಲ್ಲಿ ಮೊದಲ ವಿದ್ಯುತ್ ಮಗ್ಗವನ್ನು ಹೂಡಿದರು; ಅಂದಿನಿಂದ ಈ ಊರು ಗಡಿಯಾಚೆಯ ಎಷ್ಟೋ ಮನೆತನಗಳಿಗೆ ಅನ್ನವಿಕ್ಕಿದೆ. ನನ್ನ ತಂದೆಯವರೂ ಪಾಳಿಯ ಮೇಲೆ ಮಗ್ಗ ನಡೆಸುತ್ತಿದ್ದರು. ನಾನು ಆರನೆಯ ಇಯತ್ತೆಯಲ್ಲಿದ್ದಾಗ ಅವರು ಹಾಸಿಗೆ ಹಿಡಿದರು. ನಾನು ಯಾರಿಗೂ ಹೇಳದೆ ಶಾಲೆ ಬಿಟ್ಟು ಕಂಡಿಕೆ ಸುತ್ತುವ ಕೆಲಸಕ್ಕೆ ಹೋಗತೊಡಗಿದೆ. ನಾಲ್ಕನೆಯ ದಿನ ಸಂಜೆ ನಮ್ಮ ಗುರುಗಳು ಸೈಕಲ್ಲಿನ ಮೇಲೆ ಮನೆಗೆ ಬಂದರು. ಬಗಲಲ್ಲಿ ಹಾಜರಿ ಪುಸ್ತಕವಿತ್ತು. “ಮೂರು ದಿನಾ ನಿನ್ನ ಹೆಸರ ಕರದೆ, ‘ಹಾಜರ್’ ಅನ್ನೂ ದನಿ ಬರಲಿಲ್ಲ. ಯಾಕೋ ತಮ್ಮಾ?” ಎಂದರು. ತಂದೆಯವರೊಡನೆ ಬಹಳ ಹೊತ್ತು ಮಾತನಾಡಿದರು. ಮರುದಿನ ನಾನು ಮತ್ತೆ ಶಾಲೆಗೆ ಹೋದೆ.

ಮುಂದೆ ಓದಿ ಕೊಲ್ಹಾಪುರದಲ್ಲಿ ನೆಲೆಸಿದೆ. ದೂರದ ನಗರಗಳಲ್ಲಿರುವ ಸರ್ವರುಗಳನ್ನು ಇಲ್ಲಿಂದಲೇ ನೋಡಿಕೊಳ್ಳುವುದು ನನ್ನ ಕೆಲಸ. ಅವುಗಳಲ್ಲಿ ನಿಗದಿತ ವೇಳೆಗೆ ತಾವಾಗಿಯೇ ನಡೆಯಬೇಕಾದ ಕಾರ್ಯಗಳಿರುತ್ತವೆ. ಅವನ್ನು ನಡೆಸುವ ‘ಕ್ರಾನ್’ ಎಂಬ ಪ್ರೋಗ್ರಾಮು ಅಮೆರಿಕದ ಬೆಲ್ ಪ್ರಯೋಗಾಲಯದ ಯುನಿಕ್ಸ್‌ನಿಂದ ಬಂದದ್ದು. ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ ಎಂಬ ಐದು ಅಂಕಣಗಳನ್ನು ತುಂಬಿಟ್ಟರೆ ಸಾಕು. ನಮ್ಮ ಶಾಲೆಯ ಶಿಪಾಯಿ ಮಾಮಾ ಗಂಟೆ ಬಾರಿಸುತ್ತಿದ್ದಂತೆ ಅದು ವೇಳೆಗೆ ಸರಿಯಾಗಿ ಕೆಲಸವನ್ನು ಎಬ್ಬಿಸುತ್ತದೆ.

ಗಡಹಿಂಗ್ಲಜ ಕಡೆಯ ಒಂದು ಪತಸಂಸ್ಥೆಯ ಲೆಕ್ಕಪತ್ರಗಳು ಅಂಥದೊಂದು ಸರ್ವರಿನಲ್ಲಿದ್ದವು. ಪ್ರತಿ ರಾತ್ರಿ ಎರಡು ಗಂಟೆಗೆ ಅವುಗಳ ನಕಲು ಬೇರೆಡೆ ಸಂಗ್ರಹವಾಗಬೇಕೆಂದು ನಾನು ಏರ್ಪಾಡು ಮಾಡಿದ್ದೆ. ತಪ್ಪಾದರೆ ಅದೇ ಸುದ್ದಿ ಕಳಿಸುತ್ತದೆಂದು ನಂಬಿದ್ದೆ. ಸುದ್ದಿ ಬರಲಿಲ್ಲ, ಎಲ್ಲವೂ ಕ್ಷೇಮವೆಂದು ತಿಳಿದೆ. 2017ರ ಡಿಸೆಂಬರಿನಲ್ಲಿ ಸರ್ವರಿನ ಡಿಸ್ಕು ಕೆಟ್ಟಾಗ ನಕಲನ್ನು ಹುಡುಕಿದರೆ, ಕಳೆದ ನಲವತ್ತೊಂದು ದಿನಗಳದು ಇರಲೇ ಇಲ್ಲ!

ಸಂಸ್ಥೆಯ ಸಿಬ್ಬಂದಿ ಎಂಟು ದಿನ ಹಗಲಿರುಳು ಕುಳಿತು ಕಾಗದದ ಚೀಟಿಗಳನ್ನು ನೋಡಿ ಲೆಕ್ಕವನ್ನು ಮತ್ತೆ ತುಂಬಿದರು. ನಾನೂ ಅವರ ಜೊತೆಗಿದ್ದೆ. ಒಂದು ಮಧ್ಯಾಹ್ನ ವೃದ್ಧೆಯೊಬ್ಬರು ಪಾಸ್‌ಬುಕ್ಕು ಹಿಡಿದು ಬಂದು, “ತಮ್ಮಾ, ನನ್ನ ರೊಕ್ಕ ಅದಾವೋ ಇಲ್ಲೋ?” ಎಂದು ಕನ್ನಡದಲ್ಲೇ ಕೇಳಿದರು. ತಲೆ ಎತ್ತಿ ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಕಾರಣ ಹುಡುಕಿದೆ. ನವೆಂಬರಿನ ಆರಂಭದಲ್ಲಿ ನಾವು ಸರ್ವರನ್ನು ಹೊಸ ಯಂತ್ರಕ್ಕೆ ಸಾಗಿಸಿದ್ದೆವು. ಅಲ್ಲಿ ನಕಲು ತೆಗೆಯುವ ಪ್ರೋಗ್ರಾಮು ಬೇರೊಂದು ಜಾಗದಲ್ಲಿತ್ತು. ನಾನು ಕೈಯಿಂದ ನಡೆಸಿದರೆ ನಡೆಯುತ್ತಿತ್ತು. ಕ್ರಾನ್ ನಡೆಸಿದರೆ ಇಲ್ಲ. ಏಕೆಂದರೆ ಕ್ರಾನ್ ಹುಡುಕುವ ಜಾಗಗಳು ಕೆಲವೇ. ಪೂರ್ತಿ ವಿಳಾಸ ಕೊಡದಿದ್ದರೆ ಅದಕ್ಕೆ ಪ್ರೋಗ್ರಾಮು ಸಿಕ್ಕದು. ಆ ದೂರನ್ನು ಅದು ಅಂಚೆಗೆ ಹಾಕುತ್ತಿತ್ತು. ಆದರೆ ಹೊಸ ಯಂತ್ರದಲ್ಲಿ ಅಂಚೆಯ ವ್ಯವಸ್ಥೆಯೇ ಇರಲಿಲ್ಲ. ಮೌನವನ್ನು ನಾನು ಕ್ಷೇಮವೆಂದು ಓದಿದ್ದೆ.

ಆಗ ತಂದೆಯವರ ಮಗ್ಗ ನೆನಪಾಯಿತು. ಲಾಳಿ ಹೋಗಿ ಮರಳಿದಾಗಲೆಲ್ಲ ಹೊಕ್ಕಿನ ನೂಲು ಅಂಚಿನಲ್ಲಿರುವ ಸಣ್ಣ ಕವಲುಕಡ್ಡಿಯನ್ನು ಒತ್ತಿ ಅದರ ಬಾಲವನ್ನು ಎತ್ತುತ್ತದೆ. ನೂಲು ಕಡಿದರೆ ಒತ್ತುವವರಿಲ್ಲ. ಬಾಲ ಕೊಕ್ಕೆಗೆ ಸಿಕ್ಕು ಮಗ್ಗ ನಿಲ್ಲುತ್ತದೆ. ಕಡಿದ ನೂಲು ತಾನು ಕಡಿದೆನೆಂದು ಹೇಳಲಾರದು. ಇರುವ ನೂಲೇ ಪ್ರತಿ ಸಲವೂ ‘ಇದ್ದೇನೆ’ ಎನ್ನಬೇಕು. ಗುರುಗಳ ಹಾಜರಿ ಪುಸ್ತಕವೂ ಅದನ್ನೇ ಹೇಳಿತ್ತಲ್ಲವೇ?

ಅದೇ ಕ್ರಮದಲ್ಲಿ ಹೊಸ ಕಾವಲು ಹೂಡಿದೆ. ಕೆಲಸ ಮುಗಿದೊಡನೆ ಸರ್ವರು ಇನ್ನೊಂದು ಯಂತ್ರಕ್ಕೆ ‘ಹಾಜರ್’ ಎನ್ನಬೇಕು. ಎರಡೂವರೆಯೊಳಗೆ ಆ ದನಿ ಬಾರದಿದ್ದರೆ ನನ್ನ ಫೋನು ಬಾರಿಸಬೇಕು. ಮೂರು ರಾತ್ರಿ ಫೋನು ಬಾರಿಸಿತು. ಬೆಳಿಗ್ಗೆ ಎಂಟಕ್ಕೆ ನೋಡಿದರೆ ನಕಲು ಸರಿಯಾಗಿಯೇ ಇತ್ತು! ಬೇಸತ್ತು ಗಂಟೆಯನ್ನೇ ನಿಲ್ಲಿಸಿಬಿಡೋಣವೆನ್ನಿಸಿತು. ಆದರೆ ‘ತೋಳ ಬಂತು ತೋಳ’ ಕಥೆಯನ್ನು ಇದೇ ಶಾಲೆಯಲ್ಲಿ ಕೇಳಿದ್ದೆನಲ್ಲ! ಎರಡೂ ಯಂತ್ರಗಳ ಗಡಿಯಾರಗಳನ್ನು ಹೋಲಿಸಿದೆ. ಹೊಸ ಸರ್ವರು ಅಂತರರಾಷ್ಟ್ರೀಯ ಸಮಯದಂತೆ ನಡೆಯುತ್ತಿತ್ತು. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದು. ಅದರ ಎರಡು ಗಂಟೆಯೆಂದರೆ ನಮ್ಮ ಬೆಳಗಿನ ಏಳೂವರೆ. ಕೆಲಸದ ವೇಳೆಯನ್ನು ಅದರ ಲೆಕ್ಕದಲ್ಲಿ 20:30 ಎಂದು ಬರೆದಾಗ ರಾತ್ರಿಯ ಕರೆಗಳು ನಿಂತವು.

ಆಮೇಲೆ ಪರೀಕ್ಷೆಗೆಂದು ನಾನೇ ಪ್ರೋಗ್ರಾಮಿನ ಹೆಸರನ್ನು ಕೆಡಿಸಿಟ್ಟೆ. ಆದರೂ ‘ಹಾಜರ್’ ಬಂದಿತು! ಗೆಳೆಯನ ಪರವಾಗಿ ಹಿಂದಿನ ಬೆಂಚಿನಿಂದ ದನಿ ಕೊಡುವ ಹುಡುಗನಂತೆ, ಕೆಲಸ ಕೆಟ್ಟರೂ ವರದಿ ಹೋಗುವಂತೆ ನಾನು ಬರೆದಿದ್ದೆ. ನಕಲು ಯಶಸ್ವಿಯಾಗಿ, ಕಡತ ಬರಿದಾಗಿಲ್ಲವೆಂದು ಖಚಿತವಾದ ಮೇಲೆಯೇ ವರದಿ ಹೋಗುವಂತೆ ತಿದ್ದಿದೆ. ಈಗ ತಿಂಗಳಿಗೊಮ್ಮೆ ನಕಲಿನಿಂದ ಲೆಕ್ಕವನ್ನು ಮರಳಿ ತೆರೆದೂ ನೋಡುತ್ತೇನೆ.

ಗಡಿಭಾಗದ ಕನ್ನಡ ಶಾಲೆಯಿಂದ ಮಗುವೊಂದು ದೂರವಾಗುವುದೂ ಸದ್ದಿಲ್ಲದೆಯೇ. ಯಾರೂ ಬಂದು ಹೇಳಿ ಹೋಗುವುದಿಲ್ಲ. ಹೆಸರು ಕರೆದು, ಮರುದನಿಗೆ ಕಾಯ್ದು, ಬಾರದಿದ್ದರೆ ಸೈಕಲ್ಲು ಹತ್ತುವವರಿದ್ದುದರಿಂದಲೇ ನಾನು ಇಂದು ಈ ಪುಟದಲ್ಲಿದ್ದೇನೆ. ಆ ಗುರುಗಳಿಗೂ, ಐವತ್ತು ವರುಷ ಆ ಪುಸ್ತಕವನ್ನು ಮುಚ್ಚದೆ ಕಾಯ್ದುಕೊಂಡು ಬಂದ ನನ್ನ ಶಾಲೆಗೂ ವಿನಮ್ರ ವಂದನೆಗಳು.