ರಸ್ತೆಗೆ ಹಾಸಿದ ಹುರುಳಿ

ಸುಗ್ಗಿ ಬಂತೆಂದರೆ ಹನೂರು ತಾಲ್ಲೂಕಿನ ಬಂಡಳ್ಳಿ ಸುತ್ತಮುತ್ತಲಿನ ಟಾರು ರಸ್ತೆಗಳಿಗೂ ಕಣದ ಕೆಲಸ ಬೀಳುತ್ತದೆ. ಹುರುಳಿ ಗಿಡವನ್ನೋ ರಾಗಿ ತೆನೆಯನ್ನೋ ರಸ್ತೆಯ ತುಂಬ ಹಾಸಿ ರೈತ ಹುಣಸೆಮರದ ನೆರಳಿಗೆ ಸರಿಯುತ್ತಾನೆ. ಬಸ್ಸು, ಲಾರಿ, ಟ್ರ್ಯಾಕ್ಟರುಗಳು ಕೂಲಿ ಕೇಳದೆ ತುಳಿದು ಕಾಳು ಬಿಡಿಸಿಕೊಟ್ಟು ಹೋಗುತ್ತವೆ. ಪೇಟೆಯಿಂದ ಬಂದವರು ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರೆ.

ಇದೇ ದಾರಿಯಲ್ಲಿ ಬೈಕೇರಿ ಕೊಳ್ಳೇಗಾಲದ ಕೋರ್ಟಿಗೆ ಹೋಗುವ ವಕೀಲರೊಬ್ಬರಿದ್ದಾರೆ. ಅಪಘಾತದ ಕೇಸು ನಡೆಸಿ ನಡೆಸಿ ಅವರ ಕಣ್ಣೇ ಕೆಟ್ಟುಹೋಗಿದೆ. ಹುರುಳಿಯ ಹಾಸು ಕಂಡರೆ ಅದರಡಿಯಲ್ಲಿ ಗೋಲಿಯಂತೆ ಜಾರುವ ಕಾಳು ಕಾಣುತ್ತದೆ. ಕಾಳಿನ ಮೇಲೆ ಜಾರುವ ಬೈಕು, ಹಿಂದಿನ ಸೀಟಿನಲ್ಲಿ ಒಂದು ಬದಿಗೆ ಕಾಲು ಇಳಿಬಿಟ್ಟು ಕೂತ ಹೆಂಗಸು, ಆಕೆಯ ಮಡಿಲಿನ ಮಗು. ಅದರ ಹಿಂದೆಯೇ ಎಫ್‌ಐಆರ್, ಸ್ಥಳ ಮಹಜರು, ಗಾಯದ ಸರ್ಟಿಫಿಕೇಟು ಸಾಲಾಗಿ ಬಂದು ನಿಲ್ಲುತ್ತವೆ. ಹೊಲ, ಗುಡ್ಡ, ಮೋಡ ನೋಡುತ್ತ ಹೋಗುವ ಭಾಗ್ಯ ಆ ಮನುಷ್ಯನಿಗೆ ಇಲ್ಲ.

ಹುರುಳಿಗಿಂತ ಅವರಿಗೆ ಹೆಚ್ಚು ಸಿಟ್ಟು ಬರಿಸುವುದು ಕಲ್ಲು. ದಾರಿಯಲ್ಲಿ ಲಾರಿ ಕೆಟ್ಟರೆ ಕ್ಲೀನರ್ ಇಳಿದು ಚಕ್ರಕ್ಕೆ ಕಲ್ಲು ಕೊಡುತ್ತಾನೆ. ಹಿಂದೆ ಮಾರು ದೂರಕ್ಕೊಂದು ಕಲ್ಲಿಟ್ಟು, ಹೊಂಗೆಯದೋ ಬೇವಿನದೋ ಸೊಪ್ಪು ಮುರಿದು ಹಾಕುತ್ತಾನೆ. ಅಲ್ಲಿಯವರೆಗೆ ಅವನು ಜವಾಬ್ದಾರಿಯುಳ್ಳ ಮನುಷ್ಯ. ಲಾರಿ ರಿಪೇರಿಯಾಗಿ ಹೊರಡುತ್ತದೆ, ಸೊಪ್ಪು ಒಣಗಿ ಗಾಳಿಗೆ ಹಾರುತ್ತದೆ, ಕಲ್ಲು ಮಾತ್ರ ನಡುರಸ್ತೆಯಲ್ಲೇ ಉಳಿಯುತ್ತದೆ. ತನ್ನ ಲಾರಿ ಉಳಿಸಲು ಇಟ್ಟ ಕಲ್ಲು ಕತ್ತಲಾದ ಮೇಲೆ ಇನ್ನೊಬ್ಬನ ಮಂಡೆಗೆ ಕಾದಿರುತ್ತದೆ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದವನಿಗೆ 1860ರ ಭಾರತೀಯ ದಂಡ ಸಂಹಿತೆಯಲ್ಲಿದ್ದ ಗರಿಷ್ಠ ದಂಡ 200 ರೂಪಾಯಿ. ಒಂದೂವರೆ ಶತಮಾನ ಅದು ಅಷ್ಟೇ ಇತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಅದನ್ನು 5,000ಕ್ಕೆ ಏರಿಸಿದೆ. ಆದರೆ ಕಲ್ಲಿನ ಮೇಲೆ ಯಾರ ಹೆಸರೂ ಇರುವುದಿಲ್ಲವಲ್ಲ!

ಕೋರ್ಟೆಂದರೆ ನಮ್ಮ ಊರುಗಳಲ್ಲಿ ಮೊದಲು ನೆನಪಾಗುವುದು ಬದುವಿನ ಜಗಳ. ಪಕ್ಕದ ಹೊಲದವನು ಎರಡು ಸಾಲು ಒತ್ತಿ ಉತ್ತ ಎಂದು ಶುರುವಾದ ದಾವೆ ಮೊಮ್ಮಕ್ಕಳ ಕಾಲಕ್ಕೂ ವಾಯಿದೆ ತಿನ್ನುತ್ತದೆ. ಅಲ್ಲಿ ನೆರೆಯವನು ಎಂದರೆ ಪ್ರತಿವಾದಿ. ಆದರೆ ಪರರ ಸುರಕ್ಷತೆಯ ಕಾನೂನು ನಿಂತಿರುವುದು ಇದೇ ನೆರೆಯವನ ಮೇಲೆ ಎಂಬುದು ವಕೀಲರು ಓದಿನ ಕಾಲದಲ್ಲಿ ಕಲಿತ ಪಾಠ.

ಆ ಪಾಠದಲ್ಲಿ ಒಂದು ಬಸವನಹುಳು ಇದೆ. 1928ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಪೈಸ್ಲಿ ಎಂಬ ಊರಿನ ಹೋಟೆಲಿನಲ್ಲಿ ಮೇ ಡೊನಹ್ಯೂ ಎಂಬ ಬಡ ಹೆಂಗಸಿಗೆ ಗೆಳತಿಯೊಬ್ಬಳು ಶುಂಠಿ ಪಾನೀಯ ಕೊಡಿಸಿದಳು. ಬಾಟಲಿ ಗಾಢ ಬಣ್ಣದ್ದು, ಒಳಗಿದ್ದುದು ಕಾಣದು. ಅರ್ಧ ಕುಡಿದು ಉಳಿದದ್ದನ್ನು ಬಗ್ಗಿಸಿದಾಗ ಕೊಳೆತ ಬಸವನಹುಳು ಲೋಟಕ್ಕೆ ಬಿತ್ತು ಎಂಬುದು ಆಕೆಯ ದೂರು. ಕಾಸು ಕೊಟ್ಟವಳು ಆಕೆಯಲ್ಲ, ಹಾಗಾಗಿ ಯಾರೊಂದಿಗೂ ಒಪ್ಪಂದವಿಲ್ಲ. ಆದರೂ 1932ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಮೂವರ ಬಹುಮತದಿಂದ, ಇಬ್ಬರ ವಿರೋಧದ ನಡುವೆ, ಬಾಟಲಿ ತುಂಬಿಸಿದವನೇ ಹೊಣೆಯಾಗಬಲ್ಲ ಎಂದಿತು. ಲಾರ್ಡ್ ಅಟ್ಕಿನ್ ಕೊಟ್ಟ ಕಾರಣ ಸರಳ. ನಾನು ಮಾಡುವುದರಿಂದ, ಮಾಡದೆ ಬಿಡುವುದರಿಂದ ಯಾರಿಗೆ ಪೆಟ್ಟು ಬೀಳಬಹುದೆಂದು ಮೊದಲೇ ಊಹಿಸಬಲ್ಲೆನೋ ಅವರೆಲ್ಲ ನನ್ನ ನೆರೆಯವರು. ತಮಾಷೆಯೆಂದರೆ ಬಾಟಲಿಯಲ್ಲಿ ಹುಳು ನಿಜಕ್ಕೂ ಇತ್ತೇ ಎಂಬುದು ಸಾಬೀತಾಗಲೇ ಇಲ್ಲ. ಸಾಕ್ಷಿ ವಿಚಾರಣೆಗೆ ಮೊದಲೇ ಬಾಟಲಿ ತುಂಬಿಸಿದ ಮಾಲೀಕ ತೀರಿಕೊಂಡ, ಕೇಸು 200 ಪೌಂಡಿಗೆ ರಾಜಿಯಾಯಿತು. ಕಂಡವರಿಲ್ಲದ ಹುಳುವಿನ ಬೆನ್ನ ಮೇಲೆ ಒಂದು ಶಾಸ್ತ್ರವೇ ನಿಂತುಬಿಟ್ಟಿತು.

ಪೈಸ್ಲಿ ದೂರದ ಮಾತಾಯಿತು. ಹನೂರು ತಾಲ್ಲೂಕಿನವರಿಗೆ ಕಾಣದ್ದನ್ನು ನಂಬಿ ತಿನ್ನುವುದೆಂದರೇನು ಎಂದು ಹೇಳಿಕೊಡಬೇಕಿಲ್ಲ. 2018ರ ಡಿಸೆಂಬರ್ 14, ಶುಕ್ರವಾರ. ಸುಳವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಗೋಪುರಕ್ಕೆ ಗುದ್ದಲಿ ಪೂಜೆ. ಪೂಜೆ ಮುಗಿದು ಬಾತು ಹಂಚಿದರು. ಏನೋ ವಾಸನೆ ಬಂತೆಂದು ತಿಂದವರಲ್ಲಿ ಕೆಲವರು ಆಮೇಲೆ ಹೇಳಿದರು. ಆದರೆ ಅಮ್ಮನ ಪ್ರಸಾದವನ್ನು ಮೂಸಿ ನೋಡಿ ಪಕ್ಕಕ್ಕಿಡುವ ಕೈ ನಮ್ಮಲ್ಲಿ ಯಾರಿಗಿದೆ? 17 ಮಂದಿ ಸತ್ತರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಚಿಕಿತ್ಸೆಗೆ ಕಾಮಗೆರೆ, ಕೊಳ್ಳೇಗಾಲ, ಕೊನೆಗೆ ಮೈಸೂರಿನವರೆಗೆ ಓಡಬೇಕಾಯಿತು. ಅನ್ನದಲ್ಲಿ ಸಿಕ್ಕಿದ್ದು ಹೊಲಕ್ಕೆ ಹೊಡೆಯುವ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ. ಗುಡಿಯ ಆಡಳಿತದ ಹಿಡಿತಕ್ಕಾಗಿ ಬೇಕೆಂದೇ ಬೆರೆಸಿದರೆಂಬುದು ಪೊಲೀಸರ ಆರೋಪ. ಬೇಕೆಂದು ಮಾಡಿದ್ದಕ್ಕೂ ಅಜಾಗ್ರತೆಗೂ ಕಾನೂನಿನಲ್ಲಿ ಅಜಗಜಾಂತರ. ಒಂದು ಕೊಲೆ, ಇನ್ನೊಂದು ನಿರ್ಲಕ್ಷ್ಯ. ಆದರೆ ಎಲೆಯ ಮುಂದೆ ಕೂತವನ ಸ್ಥಿತಿ ಎರಡರಲ್ಲೂ ಒಂದೇ, ಅವನಿಗೆ ಪಾತ್ರೆಯ ಒಳಗು ಕಾಣುವುದಿಲ್ಲ.

ಅಂದಿನಿಂದ ವಕೀಲರಿಗೆ ಅರವಟ್ಟಿಗೆ ಕಂಡರೂ ಯೋಚನೆ. ಶಿವರಾತ್ರಿ, ಯುಗಾದಿ, ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರು ಕೊಳ್ಳೇಗಾಲ, ಹನೂರು, ಕೌದಳ್ಳಿಯ ದಾರಿಯಲ್ಲಿ ರಾತ್ರಿಯೆಲ್ಲ ಉಘೇ ಎನ್ನುತ್ತ ಸಾಗುತ್ತಾರೆ. ಊರೂರಿನವರು ಮಜ್ಜಿಗೆ, ಪಾನಕ, ಬಾತು ಕೊಡುತ್ತಾರೆ. ಪುಣ್ಯದ ಕೆಲಸ, ನಿಜ. ಡ್ರಮ್ಮಿನಲ್ಲಿ ಮೊದಲು ಏನಿತ್ತು, ನೀರು ಎಲ್ಲಿಯದು, ಪೆಂಡಾಲು ರಸ್ತೆಯ ತಿರುವಿನಲ್ಲೇ ಏಕೆ ಎಂದು ಅವರು ಕೇಳಿದರೆ ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ. ಮಾದಪ್ಪ ಕಾಯುತ್ತಾನೆ ಬಿಡಿ ಎನ್ನುತ್ತಾರೆ. ಕಾಯಲಿ. ಆದರೆ ಮಾದಪ್ಪನನ್ನು ಪಾಟೀಸವಾಲಿಗೆ ಕರೆಯಲಾಗುವುದಿಲ್ಲ.

ಕಾಯದೆ ಹೋದಾಗ ಕೋರ್ಟು ಮಾಡುವುದಾದರೂ ಏನು? ಲೆಕ್ಕ. ಇಪ್ಪತ್ತೆಂಟು ವರ್ಷದ ಕೂಲಿಯವನು ರಸ್ತೆಯಲ್ಲಿ ಸತ್ತನೆನ್ನಿ. ತಿಂಗಳ ಗಳಿಕೆ 12,000 ರೂಪಾಯಿ, ಮನೆಯಲ್ಲಿ ತಾಯಿ, ಹೆಂಡತಿ, ಎರಡು ಮಕ್ಕಳು. ವರ್ಷಕ್ಕೆ 1,44,000. ಬದುಕಿದ್ದರೆ ಇನ್ನೂ ಹೆಚ್ಚು ದುಡಿಯುತ್ತಿದ್ದ ಎಂದು 2017ರ ಪ್ರಣಯ್ ಸೇಠಿ ತೀರ್ಪಿನಂತೆ ಶೇಕಡ 40 ಕೂಡಿಸಬೇಕು. ಅವನ ಸ್ವಂತ ಖರ್ಚಿಗೆಂದು ನಾಲ್ಕರಲ್ಲೊಂದು ಪಾಲು ಕಳೆಯಬೇಕು. ಉಳಿದದ್ದನ್ನು 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಂತೆ ಅವನ ವಯಸ್ಸಿಗೆ ಸಲ್ಲುವ 17ರಿಂದ ಗುಣಿಸಬೇಕು. ಬಂದದ್ದು 25,70,400. ಇದಲ್ಲದೆ ಕಳೆದುಹೋದ ಅಕ್ಕರೆಗೆಂದು ತಲೆಗೆ ಇಷ್ಟು: 2017ರಲ್ಲಿ 40,000 ಎಂದು ನಿಗದಿಯಾಗಿ, ಮೂರು ವರ್ಷಕ್ಕೊಮ್ಮೆ ಶೇಕಡ 10 ಏರುತ್ತ ಬಂದಿದೆ. ಅಕ್ಕರೆಗೂ ತುಟ್ಟಿಭತ್ಯೆ.

ಈ ಗುಣಾಕಾರಕ್ಕೆ ಮೊದಲು ವಕೀಲರು ಕೇಳುವ ಪ್ರಶ್ನೆ ಒಂದೇ.

“ಯಾವ ಗಾಡಿ?”

ಏಕೆಂದರೆ ಈ ಕಡೆ ಕೂಲಿಗೆ, ಮದುವೆಗೆ, ಹರಕೆಗೆ ಜನ ಹೋಗುವುದು ಗೂಡ್ಸ್ ಆಟೋದಲ್ಲಿ, ಟೆಂಪೋದಲ್ಲಿ, ಟ್ರ್ಯಾಕ್ಟರ್ ಟ್ರೈಲರಿನಲ್ಲಿ. ಸರಕು ಸಾಗಿಸುವ ಗಾಡಿಯಲ್ಲಿ ಸುಮ್ಮನೆ ಹತ್ತಿ ಕೂತವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲಿ ಆಶಾ ರಾಣಿ ಪ್ರಕರಣದಲ್ಲಿ ಹೇಳಿದೆ. ಸರಕಿನ ಮಾಲೀಕನೋ ಅವನ ಕಡೆಯವನೋ ಆದರೆ ಪರಿಹಾರ ಉಂಟು. ಹಾಗಾಗಿ ಮಗುಚಿದ ಆಟೋದಲ್ಲಿದ್ದವರೆಲ್ಲ ಕಟಕಟೆಗೆ ಬರುವಷ್ಟರಲ್ಲಿ ತಲೆಗೊಂದು ರಾಗಿ ಮೂಟೆಯ ಒಡೆಯರಾಗಿಬಿಡುತ್ತಾರೆ. ಕಂಪನಿಯ ವಕೀಲರು ಕನ್ನಡಕ ಸರಿಮಾಡಿಕೊಂಡು ಕೇಳುತ್ತಾರೆ: “ಆಟೋದೊಳಗೆ ಹನ್ನೆರಡು ಜನ, ಹನ್ನೆರಡು ಮೂಟೆ. ಡ್ರೈವರ್ ಎಲ್ಲಿ ಕೂತಿದ್ದನಮ್ಮಾ?” ಇಡೀ ಕೋರ್ಟು ನಗುತ್ತದೆ. ಸಾಕ್ಷಿಕಟ್ಟೆಯಲ್ಲಿ ನಿಂತವಳು ಮಾತ್ರ ನಗುವುದಿಲ್ಲ. ಕಂಪನಿ ಕೈಬಿಟ್ಟರೆ ಆಟೋ ಮಾಲೀಕನೇ ಕೊಡಬೇಕು, ಅವನ ಬಳಿ ಇರುವುದು ಸಾಲದ ಕಂತು. ಹೊತ್ತಿಗೆ ಸರಿಯಾಗಿ ಒಂದು ಬಸ್ಸು ಓಡಿದ್ದರೆ ಆಕೆ ಗೂಡ್ಸ್ ಆಟೋ ಹತ್ತುತ್ತಿದ್ದಳೇ ಎಂದು ಕೇಳಲು ಅರ್ಜಿಯ ನಮೂನೆಯಲ್ಲಿ ಅಂಕಣವಿಲ್ಲ.

ಬಿದ್ದವನನ್ನು ಎತ್ತುವವರಿಗೂ ಕೋರ್ಟಿನದೇ ಭಯ. ಆಸ್ಪತ್ರೆಗೆ ಸೇರಿಸಿದರೆ ಸಾಕ್ಷಿಗೆ ಕರೀತಾರೆ, ಅಲೆಸ್ತಾರೆ ಎಂದು ಸುತ್ತ ನಿಂತು ವಿಡಿಯೋ ಮಾಡುವವರೇ ಹೆಚ್ಚು. ಕಾನೂನು ಇದನ್ನೂ ಗಮನಿಸಿದೆ. 2016ರಲ್ಲಿ ಸುಪ್ರೀಂ ಕೋರ್ಟು, 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಯ 134ಎ ಕಲಂ, ನೆರವಾದವನ ಹೆಸರು ವಿಳಾಸ ಬಲವಂತದಿಂದ ಕೇಳಕೂಡದು, ಅವನ ಮೇಲೆ ಕೇಸು ಹಾಕಕೂಡದು ಎಂದವು. ಈ ಮಾತು ಟೀ ಅಂಗಡಿಯವರೆಗೆ ಇಳಿದಿಲ್ಲ. ವಕೀಲರು ಬಂಡಳ್ಳಿಯಲ್ಲಿ ಬಸ್ಸಿಗೆ ಕಾದವರ ಮುಂದೆ ಇದನ್ನು ಆಗಾಗ ಹೇಳುತ್ತಾರೆ. ಎಲ್ಲರೂ ತಲೆದೂಗುತ್ತಾರೆ. “ಅದೆಲ್ಲ ಸರಿ, ಆದ್ರೂ ನಮ್ಗ್ಯಾಕ” ಎಂದು ಒಬ್ಬ ಮುಗಿಸುತ್ತಾನೆ.

ಮೊನ್ನೆ ಬೆಳಿಗ್ಗೆ ಕೋರ್ಟಿಗೆ ಹೊರಟವರು ತಿರುವಿನಲ್ಲಿ ಬೈಕು ನಿಲ್ಲಿಸಿದರು. ನಡುರಸ್ತೆಯಲ್ಲಿ ಮೂರು ಕಲ್ಲು, ಪಕ್ಕದಲ್ಲಿ ಬಾಡಿದ ಹೊಂಗೆ ಸೊಪ್ಪು. ಕರಿ ಕೋಟು ಬಿಚ್ಚಿ ಹ್ಯಾಂಡಲಿಗೆ ಹಾಕಿ, ಒಂದೊಂದೇ ಕಲ್ಲು ಎತ್ತಿ ಚರಂಡಿಗೆ ಉರುಳಿಸತೊಡಗಿದರು. ಮೂರನೆಯದು ಭಾರವಿತ್ತು. ಹುರುಳಿ ತಿರುವಿ ಹಾಕುತ್ತಿದ್ದ ಅಜ್ಜಿಯೊಬ್ಬಳು ಸೆರಗು ಬಿಗಿದು ಬಂದು ಕೈಜೋಡಿಸಿದಳು. ಕಲ್ಲು ಉರುಳಿದ ಮೇಲೆ ಸೊಂಟದ ಮೇಲೆ ಕೈಯಿಟ್ಟು ಅವರನ್ನೂ ಕೋಟನ್ನೂ ನೋಡಿದಳು.

“ಕಲ್ ನೀವೇ ಎತ್ತಾಕ್ಬುಟ್ರ ನಿಮ್ಗ ಕೇಸು ಎಲ್ಲಿಂದ ಬಂದದು ಬುದ್ಧಿ?”

ವಕೀಲರು ನಕ್ಕು, ರಸ್ತೆ ತುಂಬ ಹಾಸಿದ್ದ ಅವಳ ಹುರುಳಿಯ ಕಡೆ ಕೈ ತೋರಿಸಿದರು. ಅಜ್ಜಿ ಏನೂ ಕೇಳಿಸಲಿಲ್ಲವೆಂಬಂತೆ ಮೊರ ಎತ್ತಿಕೊಂಡಳು. ಅಷ್ಟರಲ್ಲಿ ಬಸ್ಸೊಂದು ಹಾರನ್ ಹೊಡೆಯುತ್ತ ಬಂದು ಹುರುಳಿ ತುಳಿದು ಹೋಯಿತು.